ಬೆಳಿಗ್ಗೆ ಎಂಟು, ರಾತ್ರಿ ಎಂಟು: ಹತ್ತು ವರ್ಷದ ಲೆಕ್ಕ

ಮಗಳಿಗೆ ಲಿವರ್ ಕಸಿಯಾಗಿ ಈ ತಿಂಗಳಿಗೆ ಹತ್ತು ವರ್ಷ ತುಂಬಿತು. ಆಪರೇಷನ್ ಕಥೆ ದಾವಣಗೆರೆಯಲ್ಲಿ ನಮ್ಮನ್ನು ಬಲ್ಲವರಿಗೆಲ್ಲ ಬಾಯಿಪಾಠ, ಮತ್ತೆ ತೆಗೆಯುವುದಿಲ್ಲ. ಈ ಬರಹ ಆಮೇಲಿನ ದಿನಗಳನ್ನು ದಾಟಿಸಿದವರಿಗೆ.

ಮೊದಲ ನಮಸ್ಕಾರ ನಮ್ಮ ಬೀದಿಯ ಮೆಡಿಕಲ್ ಶಾಪಿನ ಅಣ್ಣನಿಗೆ. ಎರಡನೇ ವರ್ಷದ ಆ ರಾತ್ರಿ ಮಗುವಿಗೆ 102 ಜ್ವರ, ಜೊತೆಗೆ ಭೇದಿ. ಕೈಯಲ್ಲಿದ್ದ ಚೀಟಿಯಲ್ಲಿ ಎರಡು ಔಷಧಿ: ಕ್ಲಾರಿಥ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್, ಮತ್ತೆ ಐಬುಪ್ರೊಫೇನ್ ಬೆರೆಸಿದ ಜ್ವರದ ಸಿರಪ್. ಅಣ್ಣ ಎರಡನ್ನೂ ಕೊಡಲಿಲ್ಲ. "ಮೊದಲು ಬೆಂಗಳೂರಿಗೆ ಫೋನ್ ಹಚ್ಚಿ, ಆಮೇಲೆ ನೋಡೋಣ" ಅಂದರು. ಹೊಸ ಲಿವರನ್ನು ಮೈ ತಿರಸ್ಕರಿಸದಿರಲಿ ಅಂತ ಕಸಿಯಾದ ಮಕ್ಕಳು ನುಂಗುವ ಟ್ಯಾಕ್ರೋಲಿಮಸ್ಸನ್ನು ಕರುಳು ಮತ್ತು ಲಿವರಿನಲ್ಲಿರುವ ಒಂದು ಕಿಣ್ವ ಒಡೆದು ಹಾಕುತ್ತಿರುತ್ತದೆ. ಕ್ಲಾರಿಥ್ರೋಮೈಸಿನ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಅದೇ ಡೋಸಿಗೇ ರಕ್ತದಲ್ಲಿ ಔಷಧಿ ಏರಿ ಕಿಡ್ನಿಗೆ ಪೆಟ್ಟು. ಐಬುಪ್ರೊಫೇನ್ ಕೂಡ ಬೀಳುವುದು ಅದೇ ಕಿಡ್ನಿಯ ಮೇಲೆ.

ಬೆಂಗಳೂರಿನ ಡಾಕ್ಟರು ಬರೀ ಪ್ಯಾರಾಸಿಟಮಾಲ್ ಕೊಟ್ಟು ಕೂಡಲೇ ಹೊರಡಿ ಅಂದರು. ಅಣ್ಣ ಚೀಟಿಯ ಬೆನ್ನಿಗೆ ಲೆಕ್ಕ ಹಾಕಿದರು: ತೂಕ 20 ಕೆ.ಜಿ., ಕೆ.ಜಿ.ಗೆ 15 ಮಿ.ಗ್ರಾಂ., ಒಟ್ಟು 300. 5 ಮಿ.ಲೀ.ನಲ್ಲಿ 250 ಇರುವ ಸಿರಪ್ಪಾದರೆ 6 ಮಿ.ಲೀ. ಚಮಚ ಬೇಡ ಅಂತ ಸಿರಿಂಜಲ್ಲೇ ಅಳೆದರು. ಗಾಡಿ ಸಿಗುವವರೆಗೆ ಅರ್ಧ ಶಟರ್ ಎಳೆದು ನಮ್ಮ ಜೊತೆ ಮೆಟ್ಟಿಲ ಮೇಲೇ ಕೂತರು. ಇಷ್ಟೆಲ್ಲ ಮಾಡಿ ಮಗೂನ ನರಳಿಸೋಕೆ ಉಳಿಸಿಕೊಂಡ್ವಾ ಅಂತ ಅವತ್ತು ಬಾಯಿಬಿಟ್ಟು ಅಂದುಬಿಟ್ಟಿದ್ದೆವು. ಅಣ್ಣ ಅದಕ್ಕೇನೂ ಹೇಳಲಿಲ್ಲ. ಓಆರ್‌ಎಸ್ ಪೊಟ್ಟಣ ಕತ್ತರಿಸಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಪೂರ್ತಿ ಸುರಿದು, ಐದೈದು ನಿಮಿಷಕ್ಕೆ ಎರಡೆರಡು ಚಮಚ ಕುಡಿಸುತ್ತ ಹೋದರು.

ಬೆಂಗಳೂರಲ್ಲಿ ನೋಡಿದರೆ ಟ್ಯಾಕ್ರೋಲಿಮಸ್ ಆಗಲೇ ಏರಿತ್ತು. ಭೇದಿಯಾದಾಗ ಅದು ಏರುತ್ತದಂತೆ, ನಮಗೆ ಗೊತ್ತಿರಲಿಲ್ಲ. ಅದರ ಮೇಲೆ ಆ ಮಾತ್ರೆಯೂ ಸೇರಿದ್ದರೆ? ಇರಲಿ.

ಅದಾದ ಮೇಲೆ ಅಣ್ಣನ ನೋಟ್‌ಬುಕ್ಕಿನಲ್ಲಿ ಮಗಳಿಗೊಂದು ಪುಟ. ಟ್ಯಾಕ್ರೋಲಿಮಸ್ ದಿನಕ್ಕೆರಡು ಸಲದ್ದೋ ಒಂದೇ ಸಲದ್ದೋ, ಯಾವ ಕಂಪನಿ, 0.5 ಮಿ.ಗ್ರಾಂ.ನದ್ದೋ 1ರದ್ದೋ, ಎಲ್ಲ ಅದರಲ್ಲಿ. ಒಂದರ ಬದಲು ಇನ್ನೊಂದು ಬಂದರೂ ಸ್ಟ್ರಿಪ್ ನೋಡಲು ಒಂದೇ ಥರ, ಅಲ್ಲೇ ಎಡವಟ್ಟು. ಏಪ್ರಿಲ್ ಬಿಸಿಲಿಗೆ ಕಾರಿನ ಡ್ಯಾಶ್‌ಬೋರ್ಡಲ್ಲಿ ಇಡಬೇಡಿ, ಚಕ್ಕೋತ ತಿನ್ನಿಸಬೇಡಿ (ಅದೂ ಅದೇ ಕಿಣ್ವಕ್ಕೆ ಅಡ್ಡ) ಅಂತ ಪ್ರತಿ ಸಲ ಹೇಳುತ್ತಾರೆ. ಹತ್ತು ವರ್ಷ ಕೇಳಿದ್ದೇವೆ, ಇನ್ನೂ ಕೇಳುತ್ತೇವೆ.

ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ನೋಡಲು ಬೆಳಗಿನ ಡೋಸಿಗೆ ಮುಂಚೆಯೇ ಮನೆಗೆ ಬಂದು ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಮೆಲ್ಲಗೆ ಅಡಿಮೇಲು ಮಾಡಿ ಒಯ್ದ ಲ್ಯಾಬಿನ ಹುಡುಗ, ಅಪರಾತ್ರಿಯಲ್ಲಿ ಸ್ಟೀರಿಂಗ್ ಹಿಡಿದ ಡ್ರೈವರಣ್ಣ, ದುಗ್ಗಮ್ಮನ ಜಾತ್ರೆಯಲ್ಲೂ ಅವಳಿಗೆ ಅಂತ ಬಿಸಿನೀರಿನ ಫ್ಲಾಸ್ಕ್ ಹೊತ್ತ ಅತ್ತಿಗೆ, ಎಲ್ಲರಿಗೂ ಶರಣು.

ಶಾಲೆಯ ಮೇಡಂಗೆ ಎರಡು ಮಾತು ಜಾಸ್ತಿ. ಕ್ಲಾಸಲ್ಲಿ ಯಾರಿಗಾದರೂ ಅಮ್ಮ (ಚಿಕನ್‌ಪಾಕ್ಸ್) ಆದರೆ ಮನೆಯವರು ಬೇವಿನ ಸೊಪ್ಪು ಕಟ್ಟಿ ಸುಮ್ಮನಾಗುತ್ತಾರೆ. ಮೇಡಂ ಮಾತ್ರ ಅದೇ ದಿನ ನಮಗೆ ಫೋನ್ ಮಾಡುತ್ತಿದ್ದರು. ಸೋಂಕಿದ್ದವರ ಜೊತೆ ಇದ್ದ ಮೇಲೆ ಮಗಳಂಥವರಿಗೆ ಕೊಡುವ ಇಂಜೆಕ್ಷನ್ನಿಗೆ ದಿನಗಳ ಲೆಕ್ಕವಿದೆ, ತಡವಾದರೆ ಪ್ರಯೋಜನ ಕಡಿಮೆ. ಔಷಧಿಯಿಂದ ಕೈ ನಡುಗಿ ಅಕ್ಷರ ಕೆಟ್ಟಾಗ ಬೈಯದೆ ಹೆಚ್ಚು ಹೊತ್ತು ಕೊಟ್ಟರು. ರಿಪೋರ್ಟ್ ನಾರ್ಮಲ್ ಬಂದಾಗ ನಾವು ಹಿಗ್ಗುತ್ತಿದ್ದೆವು. ಮಧ್ಯಾಹ್ನದ ಪಿರಿಯಡ್ಡಿಗೆ ಮಗು ಸುಸ್ತಾಗಿ ತಲೆ ವಾಲಿಸುತ್ತದೆ, ಹೊಟ್ಟೆಯ ಗಾಯದ ಗುರುತಿಗೆ ಹುಡುಗರು ಅಡ್ಡಹೆಸರಿಟ್ಟಿದ್ದಾರೆ ಅನ್ನುವುದು ಯಾವ ರಿಪೋರ್ಟಿನಲ್ಲೂ ಇರಲಿಲ್ಲ. ಅದನ್ನು ಕಂಡವರು ಮೇಡಂ.

ಈಗ ಅವಳಿಗೆ ಹದಿನೈದು. ಕಸಿಯಾಗಿ ವರ್ಷಗಳಾದ ಮೇಲೆ ಲಿವರ್ ಕೈಕೊಡುವುದಕ್ಕೆ ಈ ವಯಸ್ಸಲ್ಲಿ ಮಾತ್ರೆ ತಪ್ಪಿಸುವುದೇ ದೊಡ್ಡ ಕಾರಣ, ಅದಕ್ಕೆ ಅಲಾರಂ ಈಗ ಅವಳ ಫೋನಲ್ಲಿದೆ. ಅಣ್ಣ, ಮುಂದಿನ ತಿಂಗಳಿಂದ ಅಂಗಡಿಗೂ ಅವಳೇ ಬರುತ್ತಾಳೆ. ನೋಟ್‌ಬುಕ್ ತೆಗೆಯುವ ಮೊದಲು ಡೋಸ್ ಎಷ್ಟು ಅಂತ ಅವಳನ್ನೇ ಕೇಳಿ. ತಪ್ಪು ಹೇಳಿದರೆ ಸ್ಟ್ರಿಪ್ ಕೊಡಬೇಡಿ.