ಪಂಚಾಂಗದ ಅಂಚಿನಲ್ಲಿ ‘ಹೋ’ ಎಂದು ಬರೆದ ಕರುಗಳು

ಮಾನ್ಯ ಸಂಪಾದಕರೇ,

ನವೆಂಬರ್ 1 ಬಂದರೆ ನಮ್ಮ ಕಾಸರಗೋಡಿನ ಕನ್ನಡಿಗರಿಗೆ ಹಬ್ಬವೋ ಶ್ರಾದ್ಧವೋ ಗೊತ್ತಾಗುವುದಿಲ್ಲ. ಗಡಿಯ ತಲಪಾಡಿ ದಾಟಿದರೆ ರಾಜ್ಯೋತ್ಸವ, ಈಚೆ ಕಡೆ ಕೇರಳ ಹುಟ್ಟಿದ ದಿನದ ಕೇರಳಪ್ಪಿರವಿ, ನಡುವೆ ಕಾಸರಗೋಡು ಕೇರಳಕ್ಕೆ ಸೇರಿದ 1956ರ ಹಳೆಯ ನೋವು. ಅದೇ ದಿನ ಹಾಲು, ಮೊಟ್ಟೆಯನ್ನೂ ಬಿಟ್ಟವರ ವಿಶ್ವ ವೀಗನ್ ದಿನವೂ ಹೌದು ಎಂದು ನನಗೆ ತಿಳಿದದ್ದು ನಿಮ್ಮ ಇದೇ ಅಂಕಣದಲ್ಲಿ ಓದುಗರೊಬ್ಬರು ಅದನ್ನು ಗೇಲಿ ಮಾಡಿ ಬರೆದ ಮೇಲೆ. ಹಾಲು, ತುಪ್ಪ ಬಿಡುವುದು ಪೇಟೆಯ ದುಡ್ಡಿರುವವರ ಹುಚ್ಚು, ದನದ ಹಟ್ಟಿಯ ಸಗಣಿ ಬಾಚಿ ಗೊತ್ತಿಲ್ಲದವರ ಮಾತು ಎಂದು ಅವರು ಬರೆದಿದ್ದರು. ನಾನು 31 ವರ್ಷ ಸಗಣಿ ಬಾಚಿದವಳು. ಹಾಲು ಬಿಟ್ಟು ಈಗ ಐದು ವರ್ಷ. ಹಾಗಾಗಿ ಅವರಿಗೆ ಉತ್ತರ ಬರೆಯಲು ನನಗೆ ಸ್ವಲ್ಪ ಹಕ್ಕು ಉಂಟು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಜ್ಞಾನೋದಯವೇನೂ ಆದದ್ದಲ್ಲ. ಮೊಣಕಾಲು ಕೈಕೊಟ್ಟಿತು. ಕುಕ್ಕರಗಾಲಲ್ಲಿ ಕೂತು ಹಾಲು ಕರೆಯಲು ಆಗದೆ 2017ರಲ್ಲಿ ಹಟ್ಟಿ ಖಾಲಿ ಮಾಡಿದೆವು. ಆಮೇಲೆ ಎರಡು ಮೂರು ವರ್ಷ ನಾನೂ ಎಲ್ಲರ ಹಾಗೆ ಪ್ಯಾಕೆಟ್ ಕತ್ತರಿಸಿಯೇ ಚಹಾ ಮಾಡಿದವಳು. ನಿತ್ಯ ಸೊಸೈಟಿಗೆ ಹಾಲು ಹಾಕಿ ಮನೆಯ ಖರ್ಚು ತೂಗಿಸುತ್ತಿದ್ದ ಕಾಲದಲ್ಲಿ ನನ್ನ ಕಣ್ಣಿಗೆ ಬೀಳದ್ದು, ಆ ಹಣದ ಹಂಗು ತಪ್ಪಿದ ಮೇಲೆ ಬಿತ್ತು. ಅಷ್ಟೇ.

ಬಿದ್ದದ್ದು ಹೇಗೆಂದರೆ, ಅಟ್ಟ ಗುಡಿಸುವಾಗ ಹಳೆಯ ಪಂಚಾಂಗಗಳ ಕಟ್ಟು ಸಿಕ್ಕಿತು. ನಮ್ಮ ಅತ್ತೆಗೆ ದನ ಕರು ಹಾಕಿದ ದಿನವನ್ನು ಪಂಚಾಂಗದ ಅಂಚಿನಲ್ಲಿ ಬರೆದಿಡುವ ಕ್ರಮ. ಅವರ ನಂತರ ನಾನೂ ಅದನ್ನೇ ಮುಂದುವರಿಸಿದೆ. ಹೆಣ್ಣಾದರೆ ‘ಹೆ’, ಹೋರಿಯಾದರೆ ‘ಹೋ’. ಹೊರಗೆ ಮಳೆ, ಮಾಡಲು ಬೇರೆ ಕೆಲಸವಿಲ್ಲ, ಕೂತು ಎಣಿಸಿದೆ. ನಾನು ಈ ಮನೆಗೆ ಮದುವೆಯಾಗಿ ಬಂದ 1986ರಿಂದ ಹಟ್ಟಿ ಖಾಲಿಯಾಗುವವರೆಗೆ 37 ಕರುಗಳು. ‘ಹೆ’ 17, ‘ಹೋ’ 20. ‘ಹೆ’ಗಳ ಮುಂದೆ ಹೆಸರುಗಳಿವೆ: ಕಪಿಲೆ, ಸುಂದರಿ, ಕೆಂಪಿ. ಮುಂದಿನ ವರ್ಷಗಳ ಪಂಚಾಂಗದಲ್ಲಿ ಅವುಗಳ ಬೆದೆ, ಗಬ್ಬ, ಕರು, ಎಲ್ಲ ಉಂಟು. ‘ಹೋ’ಗಳ ಮುಂದೆ ಹೆಸರಿಲ್ಲ. ಎರಡಕ್ಕೆ ಮಾತ್ರ ‘ಗದ್ದೆಗೆ’ ಎಂದು ಅತ್ತೆ ಬರೆದಿದ್ದಾರೆ. ಒಂದರ ಮುಂದೆ ‘ಸತ್ತಿತು’. ಉಳಿದ ಹದಿನೇಳರ ಮುಂದೆ ಒಂದೊಂದು ಅಂಕೆ: 60, 150, 200, 350. ಬರಹ ನನ್ನದೇ.

ಆ ಅಂಕೆಗಳ ಅರ್ಥ ದನ ಸಾಕಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಕದವರಿಗಾಗಿ ಹೇಳುತ್ತೇನೆ: ಅವು ಹೋರಿ ಕರು ಮಾರಿ ಬಂದ ರೂಪಾಯಿ. ದನ ಸುಮ್ಮನೆ ಹಾಲು ಕೊಡುವ ಯಂತ್ರವಲ್ಲ. ಒಂಬತ್ತು ತಿಂಗಳು ಮೇಲೆ ಕೆಲವು ದಿನ ಹೊತ್ತು ಹೆತ್ತರೆ ಮಾತ್ರ ಕೆಚ್ಚಲಿಗೆ ಹಾಲು. ಹಾಲು ನಿಲ್ಲದಿರಬೇಕಾದರೆ ಹೆತ್ತ ಎರಡು ಮೂರು ತಿಂಗಳಿಗೆ ಮತ್ತೆ ವೀರ್ಯದ ಇಂಜೆಕ್ಷನ್ ಕೊಡಿಸಿ ಗಬ್ಬ ಮಾಡಿಸಬೇಕು. ಹುಟ್ಟುವ ಕರುಗಳಲ್ಲಿ ಅರ್ಧದಷ್ಟು ಗಂಡು. ಗದ್ದೆ ಇದ್ದ ಕಾಲದಲ್ಲಿ ಹೋರಿಗೆ ನೊಗ ಇತ್ತು. ನೊಗ ಸುಖವಲ್ಲ, ಬಾಸುಂಡೆ ಬಿದ್ದ ಬೆನ್ನನ್ನು ನಾನೂ ನೋಡಿದ್ದೇನೆ, ಆದರೆ ಹತ್ತು ಹದಿನೈದು ವರ್ಷದ ಬದುಕಾದರೂ ಇತ್ತು. ನಮ್ಮ ಗದ್ದೆ ಅಡಿಕೆ ತೋಟವಾಯಿತು, ಉಳಿದವರ ಗದ್ದೆಗೆ ಟಿಲ್ಲರ್ ಬಂತು. ಹಟ್ಟಿಯಲ್ಲಿದ್ದ ಗಿಡ್ಡ ದನಗಳು ಹೋಗಿ ಜೆರ್ಸಿ ಕ್ರಾಸ್ ಬಂದವು. ಕೇರಳದಲ್ಲಿ ಮಿಶ್ರತಳಿಯ ಕೆಲಸ 1963ರಲ್ಲೇ ಮಾಟ್ಟುಪೆಟ್ಟಿಯಲ್ಲಿ ಇಂಡೋ–ಸ್ವಿಸ್ ಯೋಜನೆಯಾಗಿ ಶುರುವಾದದ್ದು; ನಮ್ಮ ಮೂಲೆಗೆ ಮುಟ್ಟುವಾಗ ಸ್ವಲ್ಪ ತಡವಾಯಿತು. ಗಿಡ್ಡ ಕೊಡುತ್ತಿದ್ದದ್ದು ಹೊತ್ತಿಗೆ ಒಂದು ಕುಡ್ತೆ ಎರಡು ಕುಡ್ತೆ. ಎರಡು ಮೊಲೆ ನಮಗೆ, ಎರಡು ಮೊಲೆ ಕಂಜಿಗೆ, ಅಂದರೆ ಕರುವಿಗೆ, ಎಂದು ಅತ್ತೆಯ ನಿಯಮ. ಲೀಟರ್ ಲೆಕ್ಕ ಬಂದಾಗ ಆ ನಿಯಮ ಹೋಯಿತು. ಸೊಸೈಟಿಗೆ ಹಾಕಬೇಕಾದ ಹಾಲನ್ನು ಹೋರಿ ಕಂಜಿಗೆ ಕುಡಿಸುವವರು ಯಾರು?

2009ರಲ್ಲಿ ಕಪಿಲೆಯ ಮಗಳು ಸುಂದರಿಗೆ ಮೂರನೆಯ ಸಲವೂ ಹೋರಿ. ಹಣೆಯ ಮೇಲೆ ಬೆಳ್ಳಿ ಎಂಟಾಣೆಯಷ್ಟು ಬಿಳಿ. ಹದಿನೆಂಟು ದಿನದ್ದಿರುವಾಗ ವ್ಯಾಪಾರಿ ಬಂದ. ಒಳ್ಳೆಯ ಮನುಷ್ಯ, ಅಂಗಳದಲ್ಲಿ ನಿಂತು ನೀರು ಕುಡಿದು, “ಅಕ್ಕಾ, ಗಂಡು ಅಲ್ವಾ, ಇದಕ್ಕೆ ಇನ್ನೂರಕ್ಕಿಂತ ಮೇಲೆ ಗಿಟ್ಟುವುದಿಲ್ಲ” ಎಂದ. ಗೂಡ್ಸ್ ರಿಕ್ಷಾಕ್ಕೆ ಏರಿಸುವಾಗ ಕಂಜಿ ನನ್ನ ಸೀರೆಯ ಸೆರಗು ಬಾಯಿಗೆ ಹಾಕಿ ಚೀಪುತ್ತಿತ್ತು. ಬಿಡಿಸಿಕೊಂಡೆ. ಸುಂದರಿ ಮೂರು ರಾತ್ರಿ ಕೂಗಿತು. ನಾಲ್ಕನೆಯ ದಿನ ಕೂಗು ನಿಂತಿತು, ಆದರೆ ಕೆಚ್ಚಲು ತುಂಬಿದ್ದರೂ ಹಾಲು ಇಳಿಸಲಿಲ್ಲ. ಕರು ಮೂತಿಯಿಂದ ಗುದ್ದಿದರೆ ಮಾತ್ರ ಇಳಿಸುವ ಜಾತಿ ಅದು. ಗುರುತಿನವರೊಬ್ಬರು ಸಣ್ಣದೊಂದು ಬಾಟ್ಲಿ ತಂದುಕೊಟ್ಟರು. ಹಿಂಗಾಲು ಕಟ್ಟಿ ಚುಚ್ಚಿದ್ದು ನಾನೇ. ಎರಡು ನಿಮಿಷಕ್ಕೆ ಹಾಲು ಸುರಿಯಿತು. ಕರುವಿನ ಮೂತಿ ತಾಗಿದಾಗ ತಾಯಿಯ ಮೈಯಲ್ಲಿ ತಾನಾಗಿ ಹುಟ್ಟುವ ಆಕ್ಸಿಟೋಸಿನ್ ಅದು, ನಾವು ಬಾಟ್ಲಿಯಿಂದ ಕೊಟ್ಟೆವು. ಹಾಲಿಗಾಗಿ ದನದ ಆರೋಗ್ಯ ಕೆಡಿಸುವಂಥದ್ದನ್ನು ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 12ನೇ ಸೆಕ್ಷನ್ ಪ್ರಕಾರ ಅಪರಾಧ, ಜೈಲೂ ಆಗಬಹುದು ಎಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಆ ಹೊತ್ತಿಗೆ ನನಗೆ ಅದು ಔಷಧಿ.

ಇದು ನಮ್ಮ ಒಂದು ಹಟ್ಟಿಯ ಕಥೆ ಎಂದು ಯಾರೂ ಹೇಳಬೇಡಿ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿದ್ದ ದನ ಜಾತಿಯ ಹೆಣ್ಣುಗಳು ಸುಮಾರು 14.5 ಕೋಟಿ, ಗಂಡು 4.7 ಕೋಟಿ. ಹುಟ್ಟುವಾಗ ಅರ್ಧಕ್ಕರ್ಧ, ಎಣಿಸುವಾಗ ಮೂರಕ್ಕೆ ಒಂದು. ಅದಕ್ಕೂ ಹಿಂದಿನ 2012ರ ಗಣತಿಗೆ ಹೋಲಿಸಿದರೆ ಹೆಣ್ಣು ಹೆಚ್ಚಿ, ಗಂಡು ಇಳಿದಿತ್ತು. ನನ್ನ ಪಂಚಾಂಗದ ಅಂಚನ್ನೇ ಸರಕಾರ ದೊಡ್ಡಕ್ಷರದಲ್ಲಿ ಅಚ್ಚು ಹಾಕಿದ ಹಾಗೆ ನನಗೆ ಕಂಡಿತು.

ಇಲ್ಲಿ ನನ್ನ ಜಗಳ ನಮ್ಮವರ ಜೊತೆ. ಬಾಳೆಲೆಯಲ್ಲಿ ಉಣ್ಣುವ, ಮೀನಿನ ವಾಸನೆಗೆ ಮೂಗು ಮುಚ್ಚುವ ನಮ್ಮಂಥ ಸಸ್ಯಾಹಾರಿ ಮನೆಗಳ ಜೊತೆ. ದನ ತಿನ್ನುವವರನ್ನು ಬಯ್ಯುವುದರಲ್ಲಿ ನಮ್ಮ ಬಾಯಿ ಬಲು ಜೋರು. ಆದರೆ ಗೂಡ್ಸ್ ರಿಕ್ಷಾ ಮೊದಲು ನಿಲ್ಲುವುದು ಯಾರ ಗೇಟಿನ ಎದುರು? ಅಗಳಿ ತೆಗೆದದ್ದು ಯಾರು? ಇನ್ನೂರು ರೂಪಾಯಿ ಸೆರಗಿಗೆ ಕಟ್ಟಿಕೊಂಡು ಒಳಗೆ ಹೋಗಿ ತುಪ್ಪದ ದೀಪ ಹಚ್ಚಿದವಳು ನಾನು. ತಿಂದವರಿಗೆ ಇಲ್ಲದ ನಾಚಿಕೆ ಮಾರಿದವರಿಗೆ ಯಾಕಿರಬೇಕು ಎಂದು ನನ್ನ ನಾದಿನಿ ಕೇಳುತ್ತಾಳೆ. ತಿನ್ನುವವರು ತಿನ್ನುತ್ತೇವೆ ಎಂದು ಒಪ್ಪುತ್ತಾರೆ. ನಾವು ಗೋಮಾತೆ ಎನ್ನುತ್ತೇವೆ. ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಮೊಸಳೆ ನೈವೇದ್ಯದ ಅನ್ನ ಮಾತ್ರ ತಿನ್ನುತ್ತದೆ ಎಂದು ನೆಂಟರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದವಳು ನಾನು. 2022ರ ಅಕ್ಟೋಬರಿನಲ್ಲಿ ಅದು ಸತ್ತಾಗ ಕಣ್ಣೀರೂ ಹಾಕಿದೆ. ಹದಿನೇಳು ಕಂಜಿಗಳಿಗೆ ಹಾಕದ ಕಣ್ಣೀರು.

ಗೋಶಾಲೆಗೆ ಕೊಡಬಹುದಿತ್ತು ಎನ್ನುವವರಿದ್ದಾರೆ. ಗೋಶಾಲೆಗೂ ನಾಲ್ಕು ಗೋಡೆ, ಅಳತೆಯ ಹುಲ್ಲು. ಊರಿನ ಹೋರಿಗಳಿಗೆಲ್ಲ ಅಲ್ಲಿ ಜಾಗ ಎಲ್ಲಿ? ಈಗ ಹೆಣ್ಣೇ ಹುಟ್ಟುವ ಹಾಗೆ ವೀರ್ಯ ಬೇರ್ಪಡಿಸಿ ಕೊಡುತ್ತಾರೆ, ಸಮಸ್ಯೆ ಮುಗಿಯಿತು ಎಂದು ಇನ್ನು ಕೆಲವರು. ಬತ್ತಿದ ದನದ ಪ್ರಶ್ನೆ ಆಗಲೂ ಹಾಗೆಯೇ ಉಂಟು. ಇಪ್ಪತ್ತು ವರ್ಷ ಬದುಕಬಲ್ಲ ಸುಂದರಿ ಹನ್ನೊಂದಕ್ಕೆ ನಮಗೆ ‘ಗೊಡ್ಡು’ ಆಯಿತು. ಅದು ಎಲ್ಲಿಗೆ ಹೋಯಿತೆಂದು ನಾನು ವಿಚಾರಿಸಲಿಲ್ಲ. ವಿಚಾರಿಸದಿರುವುದೂ ಒಂದು ಕಸುಬು.

ಇನ್ನು ಪರದೇಶದ ಫ್ಯಾಷನ್ ಎಂಬ ಮಾತು. ಹೆಸರು ಅಲ್ಲಿಯದ್ದೇ, ಒಪ್ಪೋಣ. 1944ರ ನವೆಂಬರಿನಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಕೆಲವು ಗೆಳೆಯರು ಹಾಲು, ಮೊಟ್ಟೆಯನ್ನೂ ಬಿಟ್ಟವರಿಗೆ ಬೇರೆ ಸಂಘ ಕಟ್ಟಿ, ‘ವೆಜಿಟೇರಿಯನ್’ ಪದದ ತಲೆಯನ್ನೂ ಬಾಲವನ್ನೂ ಕೂಡಿಸಿ ‘ವೀಗನ್’ ಮಾಡಿದರು. ಅದರ ಐವತ್ತನೆಯ ವರ್ಷಕ್ಕೆ, 1994ರಲ್ಲಿ, ನವೆಂಬರ್ 1 ಅದರ ದಿನವಾಯಿತು. ಆದರೆ ಅದಕ್ಕೂ ಮೂವತ್ತೆರಡು ವರ್ಷ ಮೊದಲು, 1912ರಲ್ಲಿ, ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗಾಂಧೀಜಿ ಹಾಲು ಬಿಟ್ಟಿದ್ದರು. ಬ್ರಹ್ಮಚರ್ಯದ ಕಾರಣ ಒಂದು, ಕಲಕತ್ತೆಯ ಕಡೆ ಹಾಲಿಗಾಗಿ ದನಗಳಿಗೆ ಕೊಡುವ ಹಿಂಸೆಯ ವಿವರ ಓದಿದ್ದು ಇನ್ನೊಂದು. ಮುಂದೆ ಭಾರತದಲ್ಲಿ ಕಾಯಿಲೆ ಬಿದ್ದು ಜೀವ ಹೋಗುವ ಹಾಗಾದಾಗ ಕಸ್ತೂರಬಾ ಆಡಿನ ಹಾಲಿನ ದಾರಿ ತೋರಿಸಿದರು. ಕುಡಿದರು, ವ್ರತದ ಮಾತು ಉಳಿಯಿತು, ಅದರ ಜೀವ ಹೋಯಿತು ಎಂದು ಆತ್ಮಕಥೆ ಬರೆಯುವಾಗಲೂ ಕೊರಗಿದರು. ನನಗೆ ಅವರ ಆಡಿಗಿಂತ ಆ ಕೊರಗು ಇಷ್ಟ.

ದುಡ್ಡಿರುವವರ ಬಾದಾಮಿ ಹಾಲು ನಮ್ಮ ಮನೆಗೆ ಬಂದಿಲ್ಲ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಊರು ಕಾಸರಗೋಡು, ಇಲ್ಲಿ ಹಾಲಿಗೆ ಬರವೇ? ಕಾಯಿಹಾಲಿನ ಪಾಯಸ ನಮ್ಮ ಅಜ್ಜಿಯಂದಿರ ಕಾಲದಿಂದ ಉಂಟು, ಅದಕ್ಕೆ ಹೊಸ ಹೆಸರು ಬೇಕಾಗಿರಲಿಲ್ಲ. ಕಷ್ಟವಾದದ್ದು ಮಜ್ಜಿಗೆ. ಮಜ್ಜಿಗೆಯಿಲ್ಲದ ಊಟ ಊಟವೇ ಅಲ್ಲ ಎಂದು ಯಜಮಾನರು ಆರು ತಿಂಗಳು ಮುಖ ಗಂಟು ಹಾಕಿಕೊಂಡಿದ್ದರು. ಈಗಲೂ ಅವರಿಗೆ ಬೇರೆ ಪಾತ್ರೆಯಲ್ಲಿ ಮಜ್ಜಿಗೆ ಇಡುತ್ತೇನೆ, ಅದು ಅವರ ಇಷ್ಟ. ನನಗೆ ತೆಳು ಕಾಯಿಹಾಲಿಗೆ ಪುನರ್ಪುಳಿ ಹಿಂಡಿ, ಜೀರಿಗೆ ಮೆಣಸು ಒಗ್ಗರಣೆ ಹಾಕಿದ ತಂಬುಳಿ. ಬಿ12 ಮಾತ್ರ ಸೊಪ್ಪು ಕಾಳಿನಲ್ಲಿ ಸಿಗುವುದಿಲ್ಲ, ಡಾಕ್ಟರು ಹೇಳಿದ ಗುಳಿಗೆ ನುಂಗುತ್ತೇನೆ. ಮಧೂರು ದೇವಸ್ಥಾನದ ಅಪ್ಪದ ಪ್ರಸಾದ ತಂದುಕೊಟ್ಟರೆ ಕಣ್ಣಿಗೊತ್ತಿಕೊಂಡು ನಾದಿನಿಯ ಕೈಯಲ್ಲೇ ಇಡುತ್ತೇನೆ. ದೇವರು ಈವರೆಗೆ ತಕರಾರು ಮಾಡಿಲ್ಲ, ನಾದಿನಿಯದ್ದೇ ಜಾಸ್ತಿ.

ನನ್ನ ಕೈ ಪೂರ್ತಿ ಶುದ್ಧ ಎಂದು ತಿಳಿಯಬೇಡಿ. ಮಗಳ ಧಾರೆಯ ರೇಷ್ಮೆ ಸೀರೆ ಪೆಟ್ಟಿಗೆಯಲ್ಲೇ ಉಂಟು. ಗೂಡಿನೊಳಗಿನ ಹುಳವನ್ನು ಬಿಸಿಯಲ್ಲಿ ಕೊಂದು ತೆಗೆದ ನೂಲು, ಒಂದು ಸೀರೆಗೆ ಸಾವಿರಾರು ಗೂಡು. ಬಿಸಾಡಲು ಮನಸ್ಸು ಬಂದಿಲ್ಲ. ತೋಟಕ್ಕೆ ಚೀಲದಲ್ಲಿ ಆಡಿನ ಗೊಬ್ಬರ ಬರುತ್ತದೆ. ಇನ್ನು ಯಕ್ಷಗಾನ. ಪ್ರಸಂಗಕವಿ ಪಾರ್ತಿಸುಬ್ಬನ ಊರಿನ ಸೀಮೆಯಲ್ಲಿ ಹುಟ್ಟಿ ಚೆಂಡೆಯ ಸದ್ದು ಕೇಳಿದರೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಆ ಚೆಂಡೆಗೆ, ಮದ್ದಳೆಗೆ ಬಿಗಿದದ್ದು ಚರ್ಮ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಬೆಳಗಿನ ಜಾವ ಪದ ಏರುವಾಗ ಒಮ್ಮೊಮ್ಮೆ ಹಣೆಯ ಬಿಳಿ ನೆನಪಾಗುತ್ತದೆ, ಆದರೂ ಎದ್ದು ಬರುವುದಿಲ್ಲ.

ಎರಡು ದನ ಸಾಕಿ ಮಕ್ಕಳ ಫೀಸು ಕಟ್ಟುವ ಹೆಂಗಸರಿಗೆ ನಾನು ಏನೂ ಹೇಳುತ್ತಿಲ್ಲ. ಆ ಫೀಸು ನಾನೂ ಕಟ್ಟಿದವಳು, ಅವರ ಮೊಣಕಾಲು ನನಗೆ ಗೊತ್ತು. ನಾನು ಬರೆಯುತ್ತಿರುವುದು ಕತ್ತರಿಯಲ್ಲಿ ಪ್ಯಾಕೆಟಿನ ಮೂಲೆ ಕತ್ತರಿಸಿ, ಹಿಂಸೆ ಬೇರೆಯವರ ತಟ್ಟೆಯಲ್ಲಿ ಮಾತ್ರ ಇರುತ್ತದೆ ಎಂದು ತಿಳಿದಿರುವ ನನ್ನಂಥವರಿಗೆ.

ಆ ಪತ್ರ ಬರೆದವರು ಪೆರ್ಲದ ಕಡೆ ಬಂದರೆ ನಮ್ಮಲ್ಲಿಗೂ ಬರಲಿ. ಮಲಯಾಳ ಹೇರಿಕೆಗೆ ನಾನೂ ವಿರೋಧಿಯೇ, ಆದರೆ ಹಾಲಿಲ್ಲದ ಕಟ್ಟನ್ ಚಾಯವನ್ನು ಮಾತ್ರ ಒಪ್ಪಿಕೊಂಡಿದ್ದೇನೆ. ಬೆಲ್ಲ ಹಾಕಿ ಕೊಡುತ್ತೇನೆ. ಪಂಚಾಂಗದ ಕಟ್ಟು ಜಗಲಿಯಲ್ಲೇ ಉಂಟು. ಅವರ ಮನೆಯಲ್ಲೂ ಹಟ್ಟಿ ಇದ್ದಿರಬೇಕು. ಅವರದ್ದೂ ತರಲಿ, ಕೂತು ಎಣಿಸೋಣ.

ಇತಿ,
ಪೆರ್ಲದ ಓದುಗಿ
(ಹೆಸರು ಹಾಕಬೇಡಿ, ನಾದಿನಿಯ ಮನೆಗೂ ನಿಮ್ಮ ಪತ್ರಿಕೆಯೇ ಬರುವುದು.)