ಮಗಳ ಸೀರೆ ಹೊತ್ತು ನಡೆದ ದಾರಿ

ಪ್ರೀತಿಯ ಗೆಳೆಯ,

"ಅರವತ್ತೊಂದನೇ ವಯಸ್ಸಿಗೆ ಇಳಕಲ್ಲಿನಿಂದ ಶ್ರೀಶೈಲಕ್ಕೆ ನಡ್ಕೊಂಡು ಹೋಗೋದು ಬೇಕಿತ್ತಾ? ಬಸ್ಸಿಲ್ವಾ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆ. ಆಗ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮಪ್ಪ ಪ್ರತಿ ವರ್ಷ ಯುಗಾದಿಗೆ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ಹೆಗಲ ಮೇಲೆ ಹೊತ್ತೊಯ್ಯುವ ಕಂಬಿ ಜೊತೆ ನಡೆದು ಹೋಗುತ್ತಿದ್ದದ್ದು ನಿನಗೆ ನೆನಪಿರಬಹುದು. ಚಿಕ್ಕವನಿದ್ದಾಗ ಊರ ಹೊರಗಿನ ತನಕ ಅವರ ಚೀಲ ಹಿಡಿದು ಹೋಗಿ, ಅಳುತ್ತಾ ವಾಪಸ್ ಬರುತ್ತಿದ್ದೆ. ದೊಡ್ಡವನಾದ ಮೇಲೆ ಬ್ಯಾಂಕ್ ನೌಕರಿ ಸಿಕ್ಕಿತು. ಯುಗಾದಿ ಬರುವುದು ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದ ಒಳಗೆ. ಮಾರ್ಚ್ ಎಂಡಿಂಗ್‌ನಲ್ಲಿ ಹದಿನೈದು ದಿನ ರಜೆ ಯಾರು ಕೊಡ್ತಾರೆ? ಮೂವತ್ನಾಲ್ಕು ವರ್ಷ ಹೀಗೇ ಹೋಯಿತು. ಅಪ್ಪನೂ ಹೋದರು. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂತು. ಮರುದಿನವೇ 31. ಆ ದಿನ ನಾನು ಲೆಡ್ಜರ್ ಮುಂದೆ ಕೂರಬೇಕಾಗಿಲ್ಲ ಅನ್ನುವುದೇ ದೊಡ್ಡ ಖುಷಿ ಆಗಿತ್ತು.

ಮಾರ್ಚ್ 15ರ ಬೆಳಗಿನ ಜಾವ ಊರಿನವರ ಜೊತೆ ಹೊರಟೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಬಿಪಿ ಮಾತ್ರೆ, ಶೇಂಗಾ ಹಿಂಡಿ. ತಳದಲ್ಲಿ ಹಳೇ ಧೋತರದಲ್ಲಿ ಸುತ್ತಿದ ಒಂದು ಇಳಕಲ್ ಸೀರೆ. ಶ್ರೀಶೈಲದ ಭ್ರಮರಾಂಬೆ ನಮ್ಮ ಮನೆಮಗಳು ಅನ್ನುವುದು ನಮ್ಮ ಕಡೆ ಹಿಂದಿನಿಂದ ಬಂದ ಮಾತು. ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳ ಮನೆಗೆ ಬರಿಗೈಯಲ್ಲಿ ಹೋಗೋಕಾಗುತ್ತಾ? ಸೀರೆ ಆರಿಸಿದ್ದು ನನ್ನ ಹೆಂಡತಿ. ದಾಳಿಂಬೆ ಬಣ್ಣದ ಒಡಲು, ಕೆಂಪು ರೇಷ್ಮೆ ಸೆರಗು. ಮಂಡಿ ನೋವಿನಿಂದ ಅವಳಿಗೆ ನಡೆಯೋಕಾಗುವುದಿಲ್ಲ. ಬಸ್ಸಿನಲ್ಲಿ ನೇರ ಶ್ರೀಶೈಲಕ್ಕೆ ಬರುತ್ತೇನೆ ಎಂದಳು.

ಲಿಂಗಸುಗೂರು, ಸಿರವಾರ, ರಾಯಚೂರು. ಎಡಕ್ಕೆ ದೂರದಲ್ಲಿ ಕೃಷ್ಣೆ, ಬಲಕ್ಕೆ ತುಂಗಭದ್ರೆ. ಎಡೆದೊರೆ ನಾಡು ಅಂತ ಶಾಸನಗಳು ಕರೆದದ್ದು ಇದನ್ನೇ. ಶಾಲೆಯಲ್ಲಿ ಓದಿದ್ದೆವು ಅಲ್ವಾ, ಕಾಲಿನಿಂದ ಗೊತ್ತಾಗಿದ್ದು ಈಗ. ಕರಿಮಣ್ಣು, ಕಟಾವಾದ ಜೋಳದ ಹೊಲ, ನೆರಳೇ ಇಲ್ಲ. ಬೆಳಗಿನ ಮೂರಕ್ಕೆ ಎದ್ದು ನಡೆಯುವುದು, ಹತ್ತು ಗಂಟೆಗೆ ಗುಡಿಯೋ ಶಾಲೆಯೋ ನೋಡಿ ಮಲಗುವುದು, ಬಿಸಿಲು ಇಳಿದ ಮೇಲೆ ಮತ್ತೆ ಹೊರಡುವುದು. ದಿನಕ್ಕೆ ಇಪ್ಪತ್ತೈದು ಕಿ.ಮೀ. ಆಗುತ್ತಿತ್ತು. ಒಂದು ಕಡೆ ಮರಗಾಲು ಕಟ್ಟಿಕೊಂಡ ಹುಡುಗನೊಬ್ಬ ನಮ್ಮನ್ನು ದಾಟಿ ಹೋದ. ಅವನ ನೆರಳು ರಸ್ತೆಯ ಆಚೆ ಹೊಲದ ತನಕ ಬಿದ್ದಿತ್ತು.

ಮೊದಲ ದಿನ ಒಂದು ತಪ್ಪು ಮಾಡಿದೆ. ರಸ್ತೆ ಬದಿ ಪೆಂಡಾಲಿನಲ್ಲಿ ಒಬ್ಬ ರೈತ ಮಜ್ಜಿಗೆ ಕೊಟ್ಟ. ಕುಡಿದು ಐವತ್ತರ ನೋಟು ಹಿಡಿದೆ. ಅವನ ಮುಖ ಸಣ್ಣದಾಯಿತು. "ಮಗಳ ಮನಿಗೆ ಹೊಂಟವರ ಹತ್ರ ರೊಕ್ಕ ತಗೊಂಡು ನಾ ಎಲ್ಲಿ ಇಡ್ಲಿ?" ಎಂದ. ಮೂವತ್ನಾಲ್ಕು ವರ್ಷ ಜಮಾ-ಖರ್ಚು ಬರೆದವನು ನಾನು. ಯಾರು ಏನು ಕೊಟ್ಟರೂ 'ಎಷ್ಟಾಯ್ತು' ಅಂತ ಬಾಯಿಗೆ ಬರುತ್ತೆ. ಆ ದಾರಿಯಲ್ಲಿ ರೊಟ್ಟಿ, ಕಲ್ಲಂಗಡಿ, ಶರಬತ್ತು, ಸ್ನಾನದ ನೀರು ಎಲ್ಲವೂ ಸುಮ್ನೆ ಸಿಗುತ್ತವೆ. ತಗೊಳ್ಳುವುದನ್ನು ಕಲಿಯೋಕೆ ನನಗೆ ಮೂರ್ನಾಲ್ಕು ದಿನ ಬೇಕಾಯಿತು.

ಪೂರ್ತಿ ಕಲಿಸಿದ್ದು ಒಬ್ಬ ಅಜ್ಜಿ. ಹೊಸ ಶೂ ಹಾಕಿಕೊಂಡು ಹೊರಟಿದ್ದೆ. ನಾಲ್ಕನೇ ದಿನಕ್ಕೆ ಎರಡೂ ಪಾದದಲ್ಲಿ ಬೊಬ್ಬೆ ಎದ್ದವು. ರಾಯಚೂರಿಗೆ ಮುಂಚೆ ಒಂದು ಹಳ್ಳಿಯ ಕಟ್ಟೆ ಮೇಲೆ ಕಾಲು ಚಾಚಿ ಕೂತಿದ್ದೆ. ಎಪ್ಪತ್ತು ದಾಟಿದ ಅಜ್ಜಿ ಬೋಗುಣಿ ತಂದು ಎದುರಿಗೆ ಕೂತಳು. ನನ್ನ ಕಾಲನ್ನು ತೊಡೆ ಮೇಲೆ ಇಟ್ಟುಕೊಂಡಳು. ನಾನು ಹಿಂದಕ್ಕೆ ಎಳೆದುಕೊಂಡೆ. "ಬಿಡವ್ವ, ನನ್ನ ಕಾಲು ಮುಟ್ಟಬ್ಯಾಡ" ಎಂದೆ. ಅವಳು ಕೇಳಲೇ ಇಲ್ಲ. ಬಿಸಿನೀರಲ್ಲಿ ಒರೆಸಿದಳು. ಸೂಜಿಯನ್ನು ದೀಪದ ಉರಿಗೆ ಹಿಡಿದಳು. ಬಿಳಿ ದಾರ ಪೋಣಿಸಿ ಬೊಬ್ಬೆಯ ಒಂದು ಕಡೆಯಿಂದ ಚುಚ್ಚಿ ಇನ್ನೊಂದು ಕಡೆ ತೆಗೆದಳು. ಸೂಜಿ ಹೊರಗೆ ಬಂತು, ದಾರ ಒಳಗೇ ಉಳಿಯಿತು. ಆ ದಾರ ಹಿಡಿದು ನೀರು ಹನಿಹನಿಯಾಗಿ ಇಳಿಯಿತು. ಸಿಪ್ಪೆ ಹರಿಯಲಿಲ್ಲ. ಮೇಲೆ ಹರಳೆಣ್ಣೆ, ಅರಿಶಿನ, ಹಳೇ ಬಟ್ಟೆಯ ಪಟ್ಟಿ. ಎದ್ದು ಹೋಗುವಾಗ "ನಂದೂ ಒಂದು ಶರಣು ಹೇಳಪ್ಪ ಅಲ್ಲಿ" ಎಂದಳು, ಅಷ್ಟೇ. ನನ್ನಮ್ಮ ತೀರಿದ ಮೇಲೆ ಯಾರೂ ನನ್ನ ಪಾದವನ್ನು ಹಾಗೆ ತೊಡೆ ಮೇಲೆ ಇಟ್ಟುಕೊಂಡಿರಲಿಲ್ಲ ಕಣೋ. ಅಲ್ಲಿ ಕೂತು ಅತ್ತುಬಿಟ್ಟೆ.

ಕರ್ನೂಲಿನಲ್ಲಿ ತುಂಗಭದ್ರೆ ದಾಟಿ ಆತ್ಮಕೂರು ಮುಟ್ಟಿದೆವು. ಅಲ್ಲಿಂದ ರಸ್ತೆ ಹಿಡಿದರೆ ದೋರ್ನಾಲ ಸುತ್ತಿ ನೂರು ಕಿ.ಮೀ. ಮೇಲೆ. ಕಾಡಿನ ಕಾಲುದಾರಿ ಅದಕ್ಕಿಂತ ಬಹಳ ಹತ್ತಿರ. ಹುಲಿ ಕಾಡು ಅದು, ನಲ್ಲಮಲ. ಜಾತ್ರೆ ದಿನಗಳಲ್ಲಿ ಅರಣ್ಯ ಇಲಾಖೆಯವರು ದಾರಿ ಬಿಡುತ್ತಾರೆ. ವೆಂಕಟಾಪುರ, ನಾಗಲೂಟಿಯ ವೀರಭದ್ರ, ಪೆದ್ದಚೆರುವು. ಒಣಗಿದ ಬಿದಿರು, ಕಾಲಡಿ ಚರಚರ ಎನ್ನುವ ಎಲೆ, ಸಾಲಾಗಿ ನಡೆಯುವ ಸಾವಿರಾರು ಜನ. ಈ ಕಾಡಿನ ಚೆಂಚು ಜನ ಮಲ್ಲಯ್ಯನನ್ನು ತಮ್ಮ ಅಳಿಯ ಎನ್ನುತ್ತಾರೆ. ನಮಗೂ ಅಳಿಯ, ಅವರಿಗೂ ಅಳಿಯ. ಆ ಲೆಕ್ಕದಲ್ಲಿ ನಾವು ಬೀಗರ ಊರು ದಾಟಿ ಹೋಗುತ್ತಿದ್ದೆವು.

ಒಂದು ಮಾತು ಹೇಳಲೇಬೇಕು. ಆ ಕಾಡಿನಲ್ಲಿ ನೀರಿನ ಬಾಟಲಿ, ಪ್ಲಾಸ್ಟಿಕ್ ಲೋಟ ಬಿದ್ದಿದ್ದು ನೋಡಿ ಹೊಟ್ಟೆ ಉರಿಯಿತು. ಬಿಸಾಕಿದವರು ನಮ್ಮವರೇ. ಅಪ್ಪನ ಕಾಲದಲ್ಲಿ ಸೋರೆಬುರುಡೆಯಲ್ಲಿ ನೀರು ಒಯ್ಯುತ್ತಿದ್ದರು. ನೀನು ಬರುವುದಾದರೆ ಸ್ಟೀಲ್ ಬಾಟಲಿ ತಗೊಂಡು ಬಾ, ಇದರಲ್ಲಿ ರಾಜಿ ಇಲ್ಲ.

ಭೀಮುನಿ ಕೊಳನು ಅನ್ನುವ ಕಡೆ ದಾರಿ ಆಳದ ಕಣಿವೆಗೆ ಇಳಿಯುತ್ತದೆ. ಆಮೇಲೆ ಕಲ್ಲಿನ ಮೆಟ್ಟಿಲು, ನೆಟ್ಟಗೆ ಮೇಲಕ್ಕೆ, ಕೈಲಾಸ ದ್ವಾರದ ತನಕ. ಶ್ರೀಶೈಲದ ಯಾತ್ರಿಕರಿಗೆ 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮ ಮೆಟ್ಟಿಲು ಕಟ್ಟಿಸಿದ್ದ. ಅದಕ್ಕೂ ಇನ್ನೂರು ವರ್ಷ ಮುಂಚೆ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಕಲ್ಯಾಣ ಮುಟ್ಟಿ, ಅಲ್ಲಿಂದ ಈ ಬೆಟ್ಟಕ್ಕೆ ಬಂದಳು. ಅವಳಿಗೆ ಮೆಟ್ಟಿಲೂ ಇರಲಿಲ್ಲ, ಮಜ್ಜಿಗೆ ಪೆಂಡಾಲೂ ಇರಲಿಲ್ಲ. ಹತ್ತತ್ತು ಮೆಟ್ಟಿಲಿಗೆ ನಿಂತು ಉಸಿರು ತಗೊಂಡೆ. ಒಬ್ಬ ಹುಡುಗ ನನ್ನ ಚೀಲ ಕಿತ್ತುಕೊಂಡು ತಾನೇ ಹೊತ್ತ. ಈ ಸಲ ಬೇಡ ಎನ್ನಲಿಲ್ಲ. "ಒಳಗ ಸೀರಿ ಐತಿ, ಹುಷಾರು" ಎಂದೆ. "ನನ್ನ ಚೀಲದಾಗೂ ಐತ್ರಿ" ಎಂದ.

ಮಾರ್ಚ್ 28ರ ಮಧ್ಯಾಹ್ನ ಶ್ರೀಶೈಲ ಮುಟ್ಟಿದೆವು. ಹೆಂಡತಿ ಕಾಯುತ್ತಿದ್ದಳು. ನನ್ನ ಮುಖ ನೋಡಲಿಲ್ಲ, ಮೊದಲು ಕಾಲು ನೋಡಿದಳು. ಪಟ್ಟಿ ಯಾರು ಕಟ್ಟಿದ್ದು ಅಂತ ಕೇಳಿದಳು. ಅಜ್ಜಿಯ ವಿಷಯ ಹೇಳಿದೆ. ಸ್ನಾನ ಮಾಡದೆ, ದಾರಿಯ ಧೂಳಿನಲ್ಲೇ ದರ್ಶನ ಮಾಡುವ ಪದ್ಧತಿ ಅಲ್ಲಿದೆ, ಧೂಳಿ ದರ್ಶನ ಅಂತ. ಹಾಗೇ ಸಾಲಿಗೆ ಹೋದೆವು. ಆ ನೂಕುನುಗ್ಗಲಿನಲ್ಲಿ ಮಲ್ಲಯ್ಯ ಕಂಡಿದ್ದು ಎರಡು ಕ್ಷಣ. ಅಷ್ಟರಲ್ಲೇ ಅಜ್ಜಿಯ ಶರಣು ಹೇಳಿದೆ. ಅಪ್ಪನದೂ ಹೇಳಿದೆ. ಭ್ರಮರಾಂಬೆಯ ಗುಡಿಯಲ್ಲಿ ಸೀರೆಗಳ ರಾಶಿಯೇ ಇತ್ತು. ಹೆಂಡತಿ ನಮ್ಮ ಸೀರೆಯನ್ನು ಧೋತರದಿಂದ ಬಿಚ್ಚಿ, ಮಡಿಕೆಯ ಸುಕ್ಕನ್ನು ಅಂಗೈಯಲ್ಲಿ ತೀಡಿ ತೀಡಿ ನೇರ ಮಾಡಿ ಕೊಟ್ಟಳು.

2026ರ ಯುಗಾದಿ ಮಾರ್ಚ್ 19ಕ್ಕೆ. 4ನೇ ತಾರೀಕಿಗೆ ಹೊರಡಬೇಕು. ನೀನೂ ಬಾ. ಮೊದಲು ಡಾಕ್ಟರ್ ಹತ್ತಿರ ಹೋಗಿ ಎದೆ, ಸಕ್ಕರೆ ಎಲ್ಲಾ ತೋರಿಸು. ದೀಪಾವಳಿಯಿಂದ ದಿನಾ ಐದು ಕಿ.ಮೀ. ನಡಿ, ಆಮೇಲೆ ಹತ್ತು. ಶೂ ಒಂದು ಸೈಜ್ ದೊಡ್ಡದು ತಗೋ, ಎರಡು ತಿಂಗಳು ಹಾಕಿ ಪಳಗಿಸು. ಸೀರೆ ಅಲ್ಲಿ ಹುಡುಕಬೇಡ, ಇಲ್ಲಿ ನೇಕಾರರ ಮನೆಯಲ್ಲೇ ತಗೊಳ್ಳೋಣ. ಯಾವ ಬಣ್ಣ ಅಂತ ಮನೆಯವರನ್ನು ಕೇಳಿ ತಿಳಿಸು.

ನಿನ್ನ ಗೆಳೆಯ