ಖಳನಿಗೆ ಹಿಂದಿರುಗುವ ದಾರಿ: ಯುವ ಕಾದಂಬರಿಕಾರರೊಬ್ಬರಿಗೆ ಪತ್ರ

ಆತ್ಮೀಯ ಕಿರಿಯ ಮಿತ್ರರಿಗೆ,

ನಮಸ್ಕಾರ. ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನೂ ಅದರ ಜೊತೆಗಿದ್ದ ಕಾಗದವನ್ನೂ ಓದಿದೆ. ಗೆಳೆಯರ ಮುಂದೆ ಓದಿದಾಗ ನಿಮ್ಮ ಕಥೆಯ ಚಿಕ್ಕಪ್ಪನ ವಿಷಯದಲ್ಲಿ ಜಗಳವೇ ಆಯಿತೆಂದು ಬರೆದಿದ್ದೀರಿ. ಅಣ್ಣ ತೀರಿಕೊಂಡ ಹದಿಮೂರನೆಯ ದಿನ, ಬ್ಯಾಂಕಿನ ಕಾಗದವೆಂದು ಸುಳ್ಳು ಹೇಳಿ ಮಕ್ಕಳಿಲ್ಲದ ಅತ್ತಿಗೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಅವಳ ಪಾಲಿನ ತೋಟವನ್ನು ಲಪಟಾಯಿಸಿದವನಿಗೆ ಕೊನೆಯ ಅಧ್ಯಾಯದಲ್ಲಿ ಕ್ಷಮೆ ಕೊಡಿಸಿದ್ದು ತಪ್ಪೆಂದು ಕೆಲವರು, ಸರಿಯೆಂದು ಕೆಲವರು ವಾದಿಸಿದರಂತೆ. ಮಾತಿಗೆ ಮಾತು ಬೆಳೆದು, ಪುರಾಣ ಕಾವ್ಯಗಳ ಖಳರಲ್ಲಿ ಯಾರು ಯಾರು ಉದ್ಧಾರಕ್ಕೆ ಸಂಪೂರ್ಣ ಅನರ್ಹರು ಎಂದು ಪಟ್ಟಿ ಮಾಡುವಲ್ಲಿಗೆ ಅದು ಹೋಯಿತಂತೆ. ಆ ಪಟ್ಟಿಯನ್ನೂ ನೋಡಿದೆ. ಅಶ್ವತ್ಥಾಮ ಎಲ್ಲರಿಗಿಂತ ಮೇಲಿದ್ದಾನೆ, ದುರ್ಯೋಧನ ನಡುವಿನಲ್ಲೆಲ್ಲೋ ಇದ್ದಾನೆ, ರಾವಣನನ್ನು ಬರೆದು ಮತ್ತೆ ಹೊಡೆದುಹಾಕಿದ್ದೀರಿ.

ಇಂಥ ಚರ್ಚೆ ವ್ಯರ್ಥವೆಂದು ನಾನು ಹೇಳುವುದಿಲ್ಲ. ಕನ್ನಡ ಕಾವ್ಯ ಹುಟ್ಟಿ ಬೆಳೆದದ್ದೇ ಈ ಚರ್ಚೆಯ ನಡುವೆ. 941ರಲ್ಲಿ ಭಾರತದ ಕಥೆಯನ್ನು ಕನ್ನಡಕ್ಕೆ ತಂದ ಪಂಪ, ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡವನು, ಕಾವ್ಯದ ಕೊನೆಯಲ್ಲಿ ಭಾರತದ ಹಿರಿಮೆಯನ್ನು ಎಣಿಸುವಾಗ ಮೊದಲು ಹೇಳುವ ಹೆಸರು ‘ಚಲದೊಳ್ ದುರ್ಯೋಧನಂ’ ಎಂದು. ಆದರೆ ನಿಮ್ಮ ಗೆಳೆಯರು ತೂಗಿದ ತಕ್ಕಡಿ ಸರಿಯಿಲ್ಲ. ಯಾರು ಎಷ್ಟು ಜನರನ್ನು ಕೊಂದರು, ಕೊಂದವರಲ್ಲಿ ಮಕ್ಕಳೆಷ್ಟು, ನಿದ್ರೆಯಲ್ಲಿದ್ದವರೆಷ್ಟು ಎಂದು ಅವರು ಪಾಪದ ಗಾತ್ರವನ್ನು ಅಳೆದಿದ್ದಾರೆ. ಪಾಪದ ಗಾತ್ರದಿಂದ ಶಿಕ್ಷೆಯ ಪ್ರಮಾಣವನ್ನು ನಿರ್ಧರಿಸಬಹುದು, ಅದು ನ್ಯಾಯಾಲಯದ ಕೆಲಸ. ಉದ್ಧಾರ ಸಾಧ್ಯವೇ ಇಲ್ಲವೆನ್ನುವುದು ಬೇರೆಯೇ ತೀರ್ಪು. ಹಿಂದಿರುಗುವ ದಾರಿ ಕಣ್ಣೆದುರು ಕಂಡಾಗ ಆ ಮನುಷ್ಯ ಏನು ಮಾಡಿದ ಎಂಬುದರ ಮೇಲೆ ಅದು ನಿಲ್ಲುತ್ತದೆ. ದಾರಿಯನ್ನೇ ತೋರಿಸದೆ ಪಾತ್ರವನ್ನು ಉದ್ಧಾರಕ್ಕೆ ಅನರ್ಹವೆಂದು ಸಾರುವ ಲೇಖಕ ತನ್ನ ಕೆಲಸವನ್ನು ಅರ್ಧಕ್ಕೆ ಬಿಟ್ಟಂತೆ.

ನಿಮ್ಮ ಪಟ್ಟಿಯ ಮೊದಲಿಗನನ್ನೇ ತೆಗೆದುಕೊಳ್ಳಿ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮ ರಾತ್ರಿ ಶಿಬಿರಕ್ಕೆ ನುಗ್ಗಿ ನಿದ್ರಿಸುತ್ತಿದ್ದ ದ್ರೌಪದಿಯ ಮಕ್ಕಳನ್ನು ಕೊಲ್ಲುತ್ತಾನೆ. ಬೆನ್ನಟ್ಟಿ ಬಂದವರ ಮೇಲೆ ಅಸ್ತ್ರ ಬಿಡುತ್ತಾನೆ. ಹಿಂದಕ್ಕೆ ಪಡೆ ಎಂದು ವ್ಯಾಸರು ಹೇಳಿದಾಗ ಆ ಶಕ್ತಿ ತನಗಿಲ್ಲವೆಂದು ಅದನ್ನು ಪಾಂಡವರ ಹೆಂಗಸರ ಗರ್ಭಗಳತ್ತ ತಿರುಗಿಸುತ್ತಾನೆ. ಆಮೇಲೆ ಕೃಷ್ಣನ ಶಾಪ, ಮೂರು ಸಾವಿರ ವರ್ಷಗಳ ಅಲೆದಾಟ. ಈಗ ಭಾಗವತದ ಮೊದಲ ಸ್ಕಂಧವನ್ನು ನೋಡಿ. ಅಲ್ಲಿ ಅರ್ಜುನ ಅವನನ್ನು ಹಗ್ಗದಲ್ಲಿ ಕಟ್ಟಿ ದ್ರೌಪದಿಯ ಮುಂದೆ ತಂದು ನಿಲ್ಲಿಸುತ್ತಾನೆ. ಐದು ಮಕ್ಕಳನ್ನು ಕಳೆದುಕೊಂಡ ಆ ತಾಯಿ, ಬಿಟ್ಟುಬಿಡಿ, ಇವನು ಗುರುಪುತ್ರ, ನಾನು ಅಳುತ್ತಿರುವಂತೆ ಇವನ ತಾಯಿ ಕೃಪಿ ಅಳುವುದು ಬೇಡ ಎನ್ನುತ್ತಾಳೆ. ಭೀಮ ಒಪ್ಪುವುದಿಲ್ಲ. ಕೊನೆಗೆ ಕೂದಲು ಕತ್ತರಿಸಿ, ತಲೆಯ ಮಣಿ ಕಿತ್ತು, ಜೀವಸಹಿತ ಹೊರಗಟ್ಟುತ್ತಾರೆ. ಇದಾದ ಮೇಲೆ, ಕೃಷ್ಣ ದ್ವಾರಕೆಗೆ ಹೊರಡಲು ರಥವೇರುವ ಹೊತ್ತಿಗೆ, ಅಭಿಮನ್ಯುವಿನ ಗರ್ಭಿಣಿ ಹೆಂಡತಿ ಉತ್ತರೆ ತನ್ನತ್ತ ಉರಿಯುತ್ತ ಬರುವ ಅಸ್ತ್ರದಿಂದ ಕಾಪಾಡೆಂದು ಕೂಗುತ್ತ ಓಡಿಬರುತ್ತಾಳೆ.

ಎರಡೂ ಕಡೆ ಕೃತ್ಯಗಳು ಹೆಚ್ಚುಕಡಿಮೆ ಅವೇ. ಅನುಕ್ರಮ ಮಾತ್ರ ಬದಲಾಗಿದೆ. ಮೊದಲನೆಯದರಲ್ಲಿ ಗರ್ಭದ ಮೇಲಿನ ಪ್ರಹಾರ, ಮೂಲೆಗೊತ್ತಲ್ಪಟ್ಟ ಹೇಡಿಯೊಬ್ಬನ ಕೊನೆಯ ಕ್ರೌರ್ಯ. ಎರಡನೆಯದರಲ್ಲಿ ಅದು, ತಾನು ಯಾರ ಮಕ್ಕಳನ್ನು ಕೊಂದನೋ ಅವಳ ಬಾಯಿಂದಲೇ ಪ್ರಾಣಭಿಕ್ಷೆ ಪಡೆದವನು ಆ ಮನೆಯ ಕೊನೆಯ ಕುಡಿಯ ಮೇಲೆ ಮಾಡಿದ ಪ್ರಹಾರ. ನನ್ನನ್ನು ಕೇಳಿದರೆ ಭಾಗವತದ ಅಶ್ವತ್ಥಾಮನನ್ನೇ ನಿಮ್ಮ ಪಟ್ಟಿಯ ನೆತ್ತಿಯ ಮೇಲೆ ಕೂರಿಸುತ್ತೇನೆ. ಪುರಾಣಕಾರರ ಧಾರಾಳತನ ಮಾತ್ರ ನನ್ನಂಥವರ ಅಳತೆಗೆ ಸಿಗುವುದಿಲ್ಲ. ಮುಂದೆ ಬರಲಿರುವ ಸಾವರ್ಣಿ ಮನ್ವಂತರದ ಸಪ್ತರ್ಷಿಗಳಲ್ಲಿ ಅಶ್ವತ್ಥಾಮನೂ ಒಬ್ಬನೆಂದು ಅದೇ ಭಾಗವತ ಇನ್ನೊಂದೆಡೆ ಹೇಳಿಬಿಡುತ್ತದೆ!

ದುರ್ಯೋಧನನ ವಿಷಯ ಇನ್ನೂ ಸೂಕ್ಷ್ಮ. ನಿಮ್ಮ ಗೆಳೆಯರಲ್ಲಿ ಒಬ್ಬರು, ರನ್ನನ ದುರ್ಯೋಧನನನ್ನು ಓದಿದ ಮೇಲೆ ಅವನನ್ನು ಖಳನೆನ್ನಲು ಮನಸ್ಸಾಗುವುದಿಲ್ಲ, ಆದ್ದರಿಂದ ಅವನು ಉದ್ಧಾರವಾದನೆಂದೇ ಲೆಕ್ಕ ಎಂದರಂತೆ. ಆ ಓದುಗರ ಮನಸ್ಸನ್ನು ಮೆಚ್ಚುತ್ತೇನೆ, ತರ್ಕವನ್ನು ಒಪ್ಪುವುದಿಲ್ಲ. ‘ಗದಾಯುದ್ಧ’ದ ಆ ಭಾಗವನ್ನು ದಯವಿಟ್ಟು ಇನ್ನೊಮ್ಮೆ ನಿಧಾನವಾಗಿ ಓದಿ. ಸೈನ್ಯವೆಲ್ಲ ಅಳಿದ ಮೇಲೆ ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣನ ದೇಹ ಕಾಣುತ್ತದೆ. ಮುಂದೆ ಅಭಿಮನ್ಯುವಿನದು. ಶತ್ರುವಿನ ಮಗ, ತನ್ನವರೇ ಸುತ್ತುವರಿದು ಕೊಂದ ಹುಡುಗ. ಅವನ ಪರಾಕ್ರಮವನ್ನು ಮನಸಾರೆ ಹೊಗಳಿ, ನಿನ್ನ ಸಾಹಸದ ಒಂದಂಶವಾದರೂ ಸೇರಿದ ಸಾವು ನಮಗೂ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಸ್ವಂತ ಮಗ ಲಕ್ಷಣಕುಮಾರನ ಮುಂದೆ, ದುಶ್ಶಾಸನನ ಮುಂದೆ, ಕರ್ಣನ ಮುಂದೆ ಕುಸಿಯುತ್ತಾನೆ. ಇಷ್ಟೆಲ್ಲ ಆದ ಮೇಲೆ ಶರಶಯ್ಯೆಯ ಮೇಲಿನ ಭೀಷ್ಮರು ಸಂಧಿ ಮಾಡಿಕೊ ಎನ್ನುತ್ತಾರೆ. ಹಿಂದಿರುಗುವ ದಾರಿ ಎಂದರೆ ಇದೇ. ಅವನ ಉತ್ತರ ‘ನೆಲಕಿಱಿವೆನೆಂದು ಬಗೆದಿರೆ, ಚಲಕಿಱಿವೆಂ’, ನೆಲಕ್ಕಾಗಿ ಹೋರಾಡುವೆನೆಂದುಕೊಂಡಿರೇ, ಛಲಕ್ಕಾಗಿ ಹೋರಾಡುತ್ತೇನೆ ಎಂದು. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳುನೆಲ, ಇದರೊಡನೆ ಮತ್ತೆ ಕೂಡಿ ಬಾಳುವೆನೇ ಎಂದು ಕೇಳುತ್ತಾನೆ.

ಇಲ್ಲಿ ಉದ್ಧಾರವಾಗಿಲ್ಲ. ಪಶ್ಚಾತ್ತಾಪವೂ ಇಲ್ಲ. ಕವಿ ಅವನ ಮುಂದೆ ದಾರಿಯನ್ನು ಪೂರ್ತಿ ತೆರೆದಿಟ್ಟಿದ್ದಾನೆ. ಅವನು ಅದನ್ನು ನೋಡಿ, ಅರ್ಥಮಾಡಿಕೊಂಡು, ಗೆಳೆತನದ ಹೆಸರಿನಲ್ಲಿ ಬೇಡವೆನ್ನುತ್ತಾನೆ. ನಮಗೆ ಅವನ ಮೇಲೆ ಹುಟ್ಟುವ ಗೌರವ ಬೇರೆ, ಅವನು ಮಾಡಿದ ಅನ್ಯಾಯಕ್ಕೆ ಬಿಡುಗಡೆ ಸಿಗುವುದು ಬೇರೆ. ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಲ್ಲಿ ಕಾಣಿಸುತ್ತ, ಭೀಮನನ್ನೇ ನಾಯಕನನ್ನಾಗಿ ಮಾಡಬೇಕಾಗಿದ್ದ ರನ್ನ, ಪ್ರತಿನಾಯಕನಿಗೆ ಇಷ್ಟು ಎತ್ತರ ಕೊಟ್ಟರೂ ಅವನ ಪಾಪದಲ್ಲಿ ಒಂದು ಗುಲಗಂಜಿಯಷ್ಟನ್ನೂ ಮನ್ನಾ ಮಾಡಲಿಲ್ಲವೆಂಬುದನ್ನು ನೀವು ಗಮನಿಸಬೇಕು. ನಿಮ್ಮ ಗೆಳೆಯರು ಮರುಕವನ್ನೂ ಹಿರಿಮೆಯನ್ನೂ ಉದ್ಧಾರವನ್ನೂ ಒಂದೇ ಎಂದು ಕಲಸಿಬಿಟ್ಟಿದ್ದಾರೆ.

ರಾವಣನನ್ನು ಹೊಡೆದುಹಾಕಿದ್ದಕ್ಕೆ ನಿಮ್ಮಲ್ಲಿ ಕಾರಣವಿದ್ದೀತು. ಜೈನ ರಾಮಾಯಣವನ್ನು ಕನ್ನಡದಲ್ಲಿ ಬರೆದ ನಾಗಚಂದ್ರನ ರಾವಣ ಒಪ್ಪದ ಹೆಣ್ಣನ್ನು ಮುಟ್ಟೆನೆಂಬ ವ್ರತ ಹಿಡಿದವನು. ಸೀತೆಯ ದುಃಖವನ್ನು ಕಂಡು ಅವನ ಮನಸ್ಸು ನಿಜವಾಗಿಯೂ ಕರಗುತ್ತದೆ, ಅವಳನ್ನು ಒಪ್ಪಿಸಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ತನ್ನ ಬಿರುದಿಗೂ ಬೀರಕ್ಕೂ ಕುಂದು. ಮೊದಲು ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು ಆಮೇಲೆ ಒಪ್ಪಿಸುವೆನೆಂದು ಮುಂದೂಡುತ್ತಾನೆ. ಆ ಯುದ್ಧದಲ್ಲೇ ಸಾಯುತ್ತಾನೆ. ಪಶ್ಚಾತ್ತಾಪ ಪ್ರಾಮಾಣಿಕವಾಗಿದ್ದೂ ಮಾನಾಪಮಾನದ ಲೆಕ್ಕಾಚಾರದಲ್ಲಿ ತಡವಾಗುವುದಿದೆಯಲ್ಲ, ಅದನ್ನು ಇಷ್ಟು ಚೆನ್ನಾಗಿ ಹಿಡಿದ ಇನ್ನೊಂದು ಉದಾಹರಣೆ ನನ್ನ ಓದಿನಲ್ಲಿ ಕಡಿಮೆ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದ ‘ಪಾಪಿಗುದ್ಧಾರಮಿಹುದೌ ಸೃಷ್ಟಿಯ ಮಹದ್‌ವ್ಯೂಹರಚನೆಯೊಳ್’ ಎಂಬ ಸಾಲನ್ನು ಈ ಚರ್ಚೆಯಲ್ಲಿ ಯಾರಾದರೂ ನಿಮ್ಮ ಮುಂದೆ ಎಸೆದೇ ಎಸೆಯುತ್ತಾರೆ. ಸಾಲು ದೊಡ್ಡದು, ನಾನೂ ಅದನ್ನು ನಂಬುತ್ತೇನೆ; ಆದರೆ ಆ ಮಹಾಕಾವ್ಯದಲ್ಲೂ ರಾವಣನಿಗೆ ಯುದ್ಧವಾಗಲಿ ಸಾವಾಗಲಿ ತಪ್ಪುವುದಿಲ್ಲ.

ಯಾವ ಜೀವಕ್ಕೂ ಎಂದಾದರೂ ಬಿಡುಗಡೆ ಉಂಟೇ ಎಂಬ ಪ್ರಶ್ನೆಗೆ ಶಾಸ್ತ್ರಕಾರರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಜೈನರಲ್ಲಿ ಎಂದೂ ಮೋಕ್ಷ ಪಡೆಯಲಾಗದ ಅಭವ್ಯ ಜೀವಗಳ ಕಲ್ಪನೆಯಿದೆ, ಜೊತೆಗೆ ರಾವಣ ಮುಂದೊಮ್ಮೆ ತೀರ್ಥಂಕರನಾಗುವನೆಂಬ ನಂಬಿಕೆಯೂ ಇದೆ. ಮಧ್ವಾಚಾರ್ಯರು ಸ್ವಭಾವದಿಂದಲೇ ಕತ್ತಲೆಗೆ ತಕ್ಕ ತಮೋಯೋಗ್ಯ ಜೀವಗಳನ್ನು ಹೇಳಿದರು, ದುರ್ಯೋಧನನಲ್ಲಿ ಕಲಿಪುರುಷನನ್ನೇ ಕಂಡರು. ಸ್ವಭಾವದಿಂದಲೇ ತೀರ್ಪು ಕೊಡುವ ಅಧಿಕಾರ ದರ್ಶನಕ್ಕಿದೆ, ಕಥೆಗಾರನಿಗಿಲ್ಲ. ನಮ್ಮ ಪಾತ್ರ ಹುಟ್ಟಿನಿಂದಲೇ ಕೆಟ್ಟದ್ದಾದರೆ ಎರಡನೆಯ ಅಧ್ಯಾಯ ಬರೆಯುವ ಅಗತ್ಯವೇ ಇರುವುದಿಲ್ಲ.

ದಾರಿಯನ್ನು ಯಾರಿಗೆ ತೋರಿಸುತ್ತೇವೆ, ಯಾರಿಗೆ ತೋರಿಸುವುದಿಲ್ಲ ಎಂಬುದರಲ್ಲಿ ಲೇಖಕನ ಪಕ್ಷಪಾತ ಸಿಕ್ಕಿಬೀಳುತ್ತದೆ. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ಮಾರಿದತ್ತ ನರಬಲಿ ಕೊಡಲು ಹೊರಟ ರಾಜ. ಬಲಿಗೆಂದು ತಂದ ಎಳೆಯರ ಬಾಯಿಂದ ಅವರ ಹಿಂದಿನ ಜನ್ಮಗಳ ಕಥೆ ಕೇಳಿ ಮನಸ್ಸು ತಿರುಗಿ ಹಿಂಸೆಯನ್ನು ಬಿಡುತ್ತಾನೆ. ಅದೇ ಕಾವ್ಯದ ಅಮೃತಮತಿ, ಮಾವಟಿಗನ ಹಾಡಿಗೆ ಮರುಳಾಗಿ ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳು, ನೇರ ನರಕಕ್ಕೆ ಹೋಗುತ್ತಾಳೆ. ಅವಳ ಕೃತ್ಯ ಘೋರವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಅವಳಿಗೆ ಯಾರೂ ಕಥೆ ಹೇಳಲಿಲ್ಲ. ಅವಳು ತಿರುಗಬಹುದಾಗಿದ್ದ ಒಂದು ಗಳಿಗೆಯನ್ನೂ ಕವಿ ಸೃಷ್ಟಿಸಲಿಲ್ಲ. ಜನ್ನನ ಪದ್ಯಗಳ ಸೊಗಸಿಗೆ ಸೋಲುತ್ತಲೇ, ಆ ತೀರ್ಪನ್ನು ಮಾತ್ರ ನಾನು ಒಪ್ಪಿಲ್ಲ. ನಿಮ್ಮ ಪಟ್ಟಿಯಲ್ಲಿ ಕೈಕೇಯಿ, ಮಂಥರೆ, ಶೂರ್ಪನಖಿಯರೆಲ್ಲ ಒಂದು ಸಾಲಿನ ವಿವರಣೆಯೂ ಇಲ್ಲದೆ ಅನರ್ಹರ ಕಡೆ ಬಿದ್ದಿರುವುದನ್ನು ನೋಡಿ ಈ ಮಾತು ಹೇಳಬೇಕಾಯಿತು.

ಬಾಲ್ಯದ ಕಷ್ಟದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಶಕುನಿಯ ದಾಳಗಳು ಅವನ ತಂದೆಯ ಮೂಳೆಯಿಂದ ಮಾಡಿದವೆಂಬ ಕಥೆ ವ್ಯಾಸರಲ್ಲಿಲ್ಲ, ಆದರೆ ಜನರ ಬಾಯಲ್ಲಿದೆ. ಸೇಡಿಗೊಂದು ಬೇರು ಬೇಕೆಂದು ಜನಕ್ಕೆ ಅನ್ನಿಸಿದೆ, ಅದು ಸಹಜ. ನಿಮ್ಮ ಚಿಕ್ಕಪ್ಪ ಚಿಕ್ಕಂದಿನಲ್ಲಿ ಅಣ್ಣನ ಹಳೆಯ ಅಂಗಿಯನ್ನೇ ತೊಟ್ಟು ಬೆಳೆದ ಅಧ್ಯಾಯವೂ ಚೆನ್ನಾಗಿದೆ, ಉಳಿಸಿಕೊಳ್ಳಿ. ಅವನು ಹೀಗೇಕಾದ ಎಂಬುದಕ್ಕೆ ಅದು ಉತ್ತರ. ಅವನನ್ನು ಬಿಟ್ಟುಬಿಡಬಹುದೇ ಎಂಬುದಕ್ಕೆ ಅದು ಉತ್ತರವಲ್ಲ.

ಖಳನ ಪರವಾಗಿ ಹೇಗೆ ಮಾತಾಡಬೇಕೆಂಬುದು ಗೊತ್ತಾಗದಿದ್ದರೆ ಕರಾವಳಿಯ ಒಂದು ಒಳ್ಳೆಯ ತಾಳಮದ್ದಳೆಗೆ, ಯಕ್ಷಗಾನದ ಮಾತಿನ ಕೂಟಕ್ಕೆ, ಹೋಗಿ ಕುಳಿತುಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತಿಲ್ಲ. ಹಾಡುವ ಭಾಗವತರ ಪದ ಮುಗಿದೊಡನೆ ಕೌರವನ ಅರ್ಥ ಹೇಳುವವರು ಎದುರಿನ ಕೃಷ್ಣನಿಗೆ ಅಲ್ಲೇ ಉತ್ತರ ಕಟ್ಟಬೇಕು. ನುರಿತ ಅರ್ಥಧಾರಿ ಕೌರವನಿಗಾಗಿ ಮರುಕ ಬೇಡುವುದಿಲ್ಲ, ಕೌರವನ ನ್ಯಾಯವನ್ನು ಮಂಡಿಸುತ್ತಾನೆ. ಸಭೆ ತಲೆದೂಗುತ್ತದೆ, ಕೌರವ ಕೊನೆಗೆ ಸೋಲುತ್ತಾನೆ, ಎರಡೂ ಒಟ್ಟಿಗೆ ನಡೆಯುತ್ತವೆ.

ಈಗ ನಿಮ್ಮ ಚಿಕ್ಕಪ್ಪನ ಬಳಿ ಬರೋಣ. ಕೊನೆಯ ಅಧ್ಯಾಯದಲ್ಲಿ ಅವನು ಆಸ್ಪತ್ರೆಯ ಮಂಚದ ಮೇಲೆ ಅಳುತ್ತಾನೆ, ಅತ್ತಿಗೆ ಅವನ ಕೈ ಹಿಡಿದು ‘ಹೋಗಲಿ ಬಿಡಪ್ಪ’ ಎನ್ನುತ್ತಾಳೆ. ಅವಳು ಯಾಕೆ ಹಾಗೆನ್ನುತ್ತಾಳೆ? ದ್ರೌಪದಿ ಬಿಟ್ಟುಬಿಡಿ ಎಂದಾಗ ಅದಕ್ಕೆ ಅವಳದೇ ಕಾರಣವಿತ್ತು, ಇನ್ನೊಬ್ಬ ತಾಯಿಯ ಅಳುವನ್ನು ಅವಳು ಆಗಲೇ ಕೇಳಿಸಿಕೊಂಡಿದ್ದಳು. ನಿಮ್ಮ ಅತ್ತಿಗೆಗೆ ಕಾದಂಬರಿ ಮುಗಿಸುವುದರ ಹೊರತು ಬೇರೆ ಕಾರಣವಿಲ್ಲ. ಚಿಕ್ಕಪ್ಪನ ಕಣ್ಣೀರಿನಿಂದ ಅವನಿಗೆ ಒಂದು ಗುಂಟೆಯೂ ನಷ್ಟವಿಲ್ಲ. ಗೋವಿನ ಹಾಡಿನ ಅರ್ಬುತನನ್ನು ನೆನೆಯಿರಿ, ಆ ಹುಲಿ ಪುಣ್ಯಕೋಟಿಯ ಮುಂದೆ ಅಳುತ್ತ ಕೂರಲಿಲ್ಲ, ಪ್ರಾಣವನ್ನೇ ಬಿಟ್ಟಿತು.

ಇನ್ನೊಂದು ದೋಷ ವ್ಯವಹಾರದ್ದು, ಆದರೆ ಅದನ್ನು ತಿದ್ದಿದರೆ ಕಥೆಗೆ ಬೇಕಾದದ್ದೇ ಸಿಗುತ್ತದೆ. ಮನೆಯ ಜಗಲಿಯ ಮೇಲೆ ಒತ್ತಿಸಿಕೊಂಡ ಹೆಬ್ಬೆಟ್ಟಿನಿಂದ ತೋಟ ಕೈಬದಲಾಗುವುದಿಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು, ಬರೆದುಕೊಟ್ಟವರು ಸಬ್‌ರಿಜಿಸ್ಟ್ರಾರರ ಮುಂದೆ ಹಾಜರಾಗಿ ಇದು ನಾನೇ ಬರೆದುಕೊಟ್ಟದ್ದೆಂದು ಒಪ್ಪಿಕೊಳ್ಳಬೇಕು. ಹಾಗಾಗಿ ನಿಮ್ಮ ಚಿಕ್ಕಪ್ಪ ಆ ಓದುಬರಹ ಬಾರದ ಹೆಂಗಸನ್ನು ಬಸ್ಸು ಹತ್ತಿಸಿ ತಾಲ್ಲೂಕು ಕೇಂದ್ರಕ್ಕೆ ಕರೆದೊಯ್ಯಬೇಕು, ದಾರಿಯಲ್ಲಿ ಅವಳಿಗೆ ಕಾಫಿ ತಿಂಡಿ ಕೊಡಿಸಬೇಕು, ಪತ್ರ ಬರೆಯುವವರ ಬೆಂಚಿನ ಮೇಲೆ ಪಕ್ಕದಲ್ಲೇ ಕೂರಬೇಕು. ಅಧಿಕಾರಿ ಅವಳನ್ನು ಕೇಳುವಾಗ ಅವಳು ಉತ್ತರಕ್ಕಾಗಿ ಮೈದುನನ ಮುಖ ನೋಡುತ್ತಾಳೆ. ಅವನು ತಲೆಯಾಡಿಸಿ ಹೂಂ ಅನ್ನಿಸಬಹುದು, ಅಥವಾ ಇನ್ನೊಂದು ದಿನ ಬರುತ್ತೇವೆಂದು ಕಾಗದ ಮಡಚಿಕೊಂಡು ಎದ್ದುಬಿಡಬಹುದು.

ನೀವು ಜಗಲಿಯ ದೃಶ್ಯದಲ್ಲಿ ಬರೆದ ಒಂದು ವಿವರ ಇಡೀ ಹಸ್ತಪ್ರತಿಯಲ್ಲಿ ನನಗೆ ಅತ್ಯಂತ ಹಿಡಿಸಿದ್ದು: ಹೆಬ್ಬೆಟ್ಟು ಒತ್ತಿಸಿದ ಮೇಲೆ ಅವನು ತನ್ನ ಹೆಗಲ ಮೇಲಿನ ಟವೆಲಿನಿಂದಲೇ ಅವಳ ಬೆರಳಿನ ಶಾಯಿ ಒರೆಸುವುದು. ಅದನ್ನು ಕಚೇರಿಯ ಮೇಜಿನ ಬಳಿಗೆ ತನ್ನಿ. ಆ ಬೆರಳನ್ನು ಹಿಡಿದಿರುವಷ್ಟು ಹೊತ್ತು ಅವನಿಗೆ ಎಲ್ಲವೂ ಗೊತ್ತಿರಲಿ, ಓದುಗರಿಗೂ ಅದು ತಿಳಿಯಲಿ. ಆಮೇಲೆ ಅವನು ಏನು ಮಾಡುತ್ತಾನೋ ಅದರ ಮೇಲೆ ನಿಮ್ಮ ಗೆಳೆಯರು ಬೇಕಾದಷ್ಟು ವಾದಿಸಲಿ. ಈ ಅಧ್ಯಾಯವನ್ನು ಬರೆದ ನಂತರವೇ ಆಸ್ಪತ್ರೆಯ ಅಧ್ಯಾಯ ಬೇಕೋ ಬೇಡವೋ ನೋಡಿ. ಬೇಕಾಗಲಾರದೆಂದು ನನ್ನ ಅಂದಾಜು.

ಪಹಣಿ, ಖಾತೆ ಬದಲಾವಣೆಯ ವಿವರಗಳನ್ನು ಆ ಕಾಲದ ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ ಸರಿಪಡಿಸಿಕೊಳ್ಳಿ. ಹೊಸ ಕರಡು ಆದ ಮೇಲೆ ಕಳುಹಿಸಿ, ಈ ಸಲ ಸಾಲುಗಳ ನಡುವೆ ಸ್ವಲ್ಪ ಹೆಚ್ಚು ಜಾಗ ಬಿಡಿ.

ಇತಿ ನಿಮ್ಮ ವಿಶ್ವಾಸಿ